ಎಲ್ಲೆಲ್ಲೂ ಧನವಾಗಿರುವ ಫಲನಕ್ಕೆ ಸೊನ್ನೆ ಉತ್ತರ ಹೇಗೆ ಬಂತು?

ಗಣಿತ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮೂರನ್ನು ಆರಿಸಿಕೊಂಡಿದ್ದೇನೆ. ಮೂರೂ ಅನುಕಲನಕ್ಕೆ, ಅಂದರೆ ತರಗತಿಯಲ್ಲಿ ಎಲ್ಲರೂ ಇಂಟಿಗ್ರೇಷನ್ ಎಂದೇ ಕರೆಯುವ ಅಧ್ಯಾಯಕ್ಕೆ ಸಂಬಂಧಿಸಿದವು. ಮೊದಲನೆಯ ಉತ್ತರ ಉದ್ದವಾಗಿದೆ. ಅದನ್ನು ಪೆನ್ನು ಕಾಗದ ಹಿಡಿದುಕೊಂಡು ಓದುವುದು ಒಳ್ಳೆಯದು. ∫ ಚಿಹ್ನೆಯ ಪಕ್ಕದ ಚೌಕ ಆವರಣದಲ್ಲಿ ಮೊದಲು ಕೆಳಮಿತಿಯನ್ನೂ ಆಮೇಲೆ ಮೇಲ್ಮಿತಿಯನ್ನೂ ಬರೆದಿದ್ದೇನೆ. ಕೋನಗಳು ರೇಡಿಯನ್‌ನಲ್ಲಿವೆ, ಕಣ್ಣಿಗೆ ಸುಲಭವಾಗಲೆಂದು ಕೆಲವು ಕಡೆ ಮಾತ್ರ ಡಿಗ್ರಿ ಬಳಸಿದ್ದೇನೆ. ಲಾಗ್ ಎಂದರೆ ಸ್ವಾಭಾವಿಕ ಲಾಗರಿದಮ್.

ಪ್ರಶ್ನೆ 1

ಮಾನ್ಯರೇ, ಛೇದದಲ್ಲಿ ಎ² ಕಾಸ್²ಎಕ್ಸ್ + ಬಿ² ಸೈನ್²ಎಕ್ಸ್, ಅಂಶದಲ್ಲಿ ಬರೀ ಎಕ್ಸ್ ಇರುವ ಲೆಕ್ಕವೊಂದು ನಮ್ಮ ಪಠ್ಯದಲ್ಲಿದೆ. ಅಭ್ಯಾಸಕ್ಕೆಂದು ಎ = 1, ಬಿ = 2 ಎಂದು ಇಟ್ಟುಕೊಂಡು ಬಿಡಿಸಿದೆ.

ಐ = ∫[0, ಪೈ] ಎಕ್ಸ್ / (ಕಾಸ್²ಎಕ್ಸ್ + 4 ಸೈನ್²ಎಕ್ಸ್) ಡಿಎಕ್ಸ್

ಎಕ್ಸ್ ಇದ್ದಲ್ಲಿ ಪೈ − ಎಕ್ಸ್ ಹಾಕಿದೆ. ಛೇದ ಬದಲಾಗಲಿಲ್ಲ. ಎರಡನ್ನೂ ಕೂಡಿಸಿದಾಗ

2ಐ = ಪೈ × ∫[0, ಪೈ] 1 / (ಕಾಸ್²ಎಕ್ಸ್ + 4 ಸೈನ್²ಎಕ್ಸ್) ಡಿಎಕ್ಸ್

ಎಂದು ಬಂತು. ಅಂಶ ಮತ್ತು ಛೇದ ಎರಡನ್ನೂ ಕಾಸ್²ಎಕ್ಸ್‌ನಿಂದ ಭಾಗಿಸಿದೆ. ಮೇಲೆ ಸೆಕ್²ಎಕ್ಸ್, ಕೆಳಗೆ 1 + 4 ಟ್ಯಾನ್²ಎಕ್ಸ್ ಉಳಿಯಿತು. ಟ್ಯಾನ್ ಎಕ್ಸ್ = ಟಿ ಎಂದು ಆದೇಶಿಸಿದೆ (ಸಬ್‌ಸ್ಟಿಟ್ಯೂಟ್ ಮಾಡಿದೆ). ಎಕ್ಸ್ = 0 ಆದಾಗ ಟಿ = 0; ಎಕ್ಸ್ = ಪೈ ಆದಾಗಲೂ ಟಿ = 0. ಎರಡು ಮಿತಿಗಳೂ ಒಂದೇ ಆದದ್ದರಿಂದ ಉತ್ತರ ಸೊನ್ನೆ. ಆದರೆ ಪುಸ್ತಕದ ಉತ್ತರ ಪೈ²/2ಎಬಿ, ಅಂದರೆ ಇಲ್ಲಿ ಪೈ²/4. ಎಂಜಿನಿಯರಿಂಗ್ ಓದುತ್ತಿರುವ ನಮ್ಮಣ್ಣನೂ ನೋಡಿ, ಹಂತಗಳೆಲ್ಲ ಸರಿಯಾಗಿವೆ ಎಂದ. ತಪ್ಪು ಎಲ್ಲಿದೆ?
— ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ

ಉತ್ತರ ಹೊಂದದಿದ್ದಾಗ ನಡುವಿನ ಯಾವುದೋ ಒಂದು ಹಂತವನ್ನು ತಿರುಚಿ, ಪುಸ್ತಕದ ಉತ್ತರ ಬರುವ ಹಾಗೆ ಮಾಡಿ ಮುಂದಕ್ಕೆ ಹೋಗುವವರೇ ಹೆಚ್ಚು. ನೀವು ಹಾಗೆ ಮಾಡದೆ ಹಂತಗಳನ್ನು ಇದ್ದ ಹಾಗೇ ಬರೆದು ಕಳಿಸಿದ್ದರಿಂದ ತಪ್ಪನ್ನು ಬೆರಳಿಟ್ಟು ತೋರಿಸಲು ಸಾಧ್ಯವಾಗಿದೆ.

ತಪ್ಪನ್ನು ಹುಡುಕುವುದಕ್ಕೆ ಮೊದಲು, ಪುಸ್ತಕದ ಕೊನೆಯ ಪುಟ ನೋಡದೆಯೇ ಸೊನ್ನೆಯನ್ನು ತಳ್ಳಿಹಾಕಬಹುದಿತ್ತೇ ಎಂದು ನೋಡೋಣ. ಅನುಕಲನದ ∫ ಚಿಹ್ನೆಯನ್ನು 1675ರಲ್ಲಿ ಮೊದಲು ಬರೆದವರು ಲೈಬ್ನಿಟ್ಸ್. ಲ್ಯಾಟಿನ್‌ನಲ್ಲಿ ಮೊತ್ತ ಎಂಬ ಅರ್ಥದ 'ಸುಮ್ಮಾ' ಪದದ ಮೊದಲ ಅಕ್ಷರವನ್ನು ಉದ್ದಕ್ಕೆ ಎಳೆದರೆ ಈ ಚಿಹ್ನೆಯಾಗುತ್ತದೆ. ಅಂದರೆ ನಾವು ಮಾಡುತ್ತಿರುವುದು ಕೂಡುವ ಕೆಲಸ. ನಿಮ್ಮ ಲೆಕ್ಕದ ಛೇದವನ್ನು 1 + 3 ಸೈನ್²ಎಕ್ಸ್ ಎಂದು ಬರೆದು ನೋಡಿ. ಅದು ಎಂದೂ 1ಕ್ಕಿಂತ ಕಡಿಮೆಯಾಗುವುದಿಲ್ಲ, 4ಕ್ಕಿಂತ ಹೆಚ್ಚಾಗುವುದಿಲ್ಲ. ಹಾಗಾಗಿ ಇಡೀ ಭಿನ್ನರಾಶಿ ಎಕ್ಸ್/4 ಮತ್ತು ಎಕ್ಸ್ ಇವೆರಡರ ನಡುವೆಯೇ ಇರಬೇಕು. ಈ ಎರಡರ ಅನುಕಲಗಳು ಕ್ರಮವಾಗಿ ಪೈ²/8 ಮತ್ತು ಪೈ²/2, ಅಂದರೆ ಸುಮಾರು 1.23 ಮತ್ತು 4.93. ಉತ್ತರ ಏನೇ ಇರಲಿ, ಅದು ಈ ಎರಡು ಗೋಡೆಗಳ ಒಳಗೇ ಸಿಗಬೇಕು. ಧನಸಂಖ್ಯೆಗಳನ್ನೇ ಕೂಡುತ್ತ ಹೋದಾಗ ಮೊತ್ತ ಸೊನ್ನೆಯಾಗುವುದು ಹೇಗೆ? ಇದು ಎರಡೇ ಸಾಲಿನ ಕೆಲಸ. ಹಾಳೆಯ ಅಂಚಿನಲ್ಲಿ ಪೆನ್ಸಿಲ್‌ನಿಂದ ಮಾಡಿಕೊಂಡರೂ ಸಾಕು.

ಈಗ ನಿಮ್ಮ ಹಂತಗಳಿಗೆ ಬರೋಣ. ಪೈ − ಎಕ್ಸ್ ಹಾಕಿದ್ದು, ಕೂಡಿಸಿದ್ದು, 2ಐ ಪಡೆದದ್ದು ಎಲ್ಲವೂ ಸರಿ. ಕಾಸ್²ಎಕ್ಸ್‌ನಿಂದ ಭಾಗಿಸಿದಾಗ ಮೊದಲ ಸಣ್ಣ ಎಡವಟ್ಟು ಆಗಿದೆ: ಎಕ್ಸ್ = ಪೈ/2 ಆದಾಗ ಕಾಸ್ ಎಕ್ಸ್ ಸೊನ್ನೆ, ಸೊನ್ನೆಯಿಂದ ಭಾಗಿಸುವಂತಿಲ್ಲ. ಆದರೆ ಬರೀ ಒಂದು ಬಿಂದುವನ್ನು ಕೈಬಿಟ್ಟರೆ ವಿಸ್ತೀರ್ಣ ಬದಲಾಗುವುದಿಲ್ಲವಾದ್ದರಿಂದ ಇದೊಂದರಿಂದಲೇ ಲೆಕ್ಕ ಕೆಡುತ್ತಿರಲಿಲ್ಲ. ಕೆಟ್ಟದ್ದು ಅದರ ಮುಂದಿನ ಹಂತದಲ್ಲಿ, ಟ್ಯಾನ್ ಎಕ್ಸ್ = ಟಿ ಎಂದು ಬರೆದು ಮಿತಿಗಳನ್ನು ಮಾತ್ರ ಬದಲಾಯಿಸಿದ ಕ್ಷಣದಲ್ಲಿ.

ಆದೇಶ ವಿಧಾನಕ್ಕೆ ಒಂದು ಷರತ್ತು ಇದೆ. ಕೆಳಮಿತಿಯಿಂದ ಮೇಲ್ಮಿತಿಯವರೆಗೆ ಎಕ್ಸ್ ಸಾಗುವಾಗ ಟಿ ಕೂಡ ಎಲ್ಲಿಯೂ ಕಡಿಯದೆ, ನೆಗೆಯದೆ, ಎಲ್ಲ ಬಿಂದುಗಳಲ್ಲೂ ಅವಕಲನಕ್ಕೆ ಒಳಪಡುವಂತೆ ಸಾಗಬೇಕು. ಪುಸ್ತಕಗಳಲ್ಲಿ ಈ ಮಾತು ಇರುತ್ತದೆ, ಆದರೆ ಕಣ್ಣು ಅದರ ಮೇಲೆ ಜಾರಿಹೋಗುತ್ತದೆ. ನಿಮ್ಮ ಟಿ ಏನು ಮಾಡಿತು ನೋಡಿ. ಎಕ್ಸ್ ಸೊನ್ನೆಯಿಂದ ಪೈ/2ರ ಕಡೆಗೆ ಹೋಗುತ್ತಿದ್ದಂತೆ ಟಿ ಸೊನ್ನೆಯಿಂದ ಮೇಲೇರುತ್ತ ಅನಂತದ ಕಡೆಗೆ ಹೊರಟುಹೋಯಿತು. ಎಕ್ಸ್ ಪೈ/2ನ್ನು ದಾಟಿದ ಕೂಡಲೇ ಟಿ ಋಣ ಅನಂತದ ಕಡೆಯಿಂದ ಕಾಣಿಸಿಕೊಂಡು ಮೆಲ್ಲಗೆ ಏರುತ್ತ ಸೊನ್ನೆಗೆ ಬಂದು ನಿಂತಿತು. "ಟಿ ಸೊನ್ನೆಯಿಂದ ಸೊನ್ನೆಗೆ ಹೋಯಿತು" ಎಂದು ನೀವು ಬರೆದದ್ದು ಅದು ಕದಲಲೇ ಇಲ್ಲ ಎಂದ ಹಾಗಾಯಿತು. ನಿಜದಲ್ಲಿ ಅದು ಇಡೀ ಸಂಖ್ಯಾರೇಖೆಯನ್ನು ಒಂದು ಸಲ ಪೂರ್ತಿ ಸುತ್ತಿ ಬಂದಿದೆ.

ಇದನ್ನೇ ಇನ್ನೊಂದು ಬಗೆಯಲ್ಲಿ ಹೇಳುತ್ತೇನೆ. ನಿಶ್ಚಿತ ಅನುಕಲವನ್ನು ಬಿಡಿಸುವ ರೀತಿ ಮನೆಯ ವಿದ್ಯುತ್ ಮೀಟರಿನ ಲೆಕ್ಕದಂತೆಯೇ ಇದೆ: ತಿಂಗಳ ಕೊನೆಯ ರೀಡಿಂಗ್‌ನಿಂದ ತಿಂಗಳ ಮೊದಲಿನ ರೀಡಿಂಗ್ ಕಳೆದರೆ ಉರಿದ ಯೂನಿಟ್‌ಗಳು ಸಿಗುತ್ತವೆ. ಆದರೆ ತಿಂಗಳ ನಡುವೆ ಹಳೆಯ ಮೀಟರ್ ತೆಗೆದು ಹೊಸದನ್ನು ಕೂರಿಸಿದ್ದರೆ? ಆಗ ಕೊನೆಯದರಿಂದ ಮೊದಲಿನದನ್ನು ಕಳೆದರೆ ಅರ್ಥವಿಲ್ಲದ ಅಂಕಿ ಬರುತ್ತದೆ. ಹಳೆಯ ಮೀಟರಿನಲ್ಲಿ ಓಡಿದ್ದೆಷ್ಟು, ಹೊಸದರಲ್ಲಿ ಓಡಿದ್ದೆಷ್ಟು ಎಂದು ಬೇರೆ ಬೇರೆ ನೋಡಿ ಕೂಡಿಸಬೇಕು. ನಿಮ್ಮ ಲೆಕ್ಕದಲ್ಲಿ ಮೀಟರ್ ಎಂದರೆ ½ ಟ್ಯಾನ್⁻¹(2 ಟ್ಯಾನ್ ಎಕ್ಸ್) ಎಂಬ ಫಲನ. ಅದರ ರೀಡಿಂಗ್‌ಗಳನ್ನು ಓದೋಣ. 0 ಡಿಗ್ರಿಯಲ್ಲಿ 0. 89 ಡಿಗ್ರಿಯಲ್ಲಿ ಸುಮಾರು 0.781. ಎರಡೇ ಡಿಗ್ರಿ ಮುಂದೆ, 91ರಲ್ಲಿ, −0.781. 180ರಲ್ಲಿ ಮತ್ತೆ 0. ಸದಾ ಧನವಾಗಿರುವ ಫಲನದ ಮೀಟರ್ ಏರುತ್ತಲೇ ಇರಬೇಕು, ಹಿಂದಕ್ಕೆ ತಿರುಗುವ ಪ್ರಶ್ನೆಯೇ ಇಲ್ಲ. 90 ಡಿಗ್ರಿಯಲ್ಲಿ ಮೀಟರ್ ಬದಲಾಗಿದೆ. ಹಳೆಯದರಲ್ಲಿ ಸೊನ್ನೆಯಿಂದ ಪೈ/4ರವರೆಗೆ ಓಡಿದೆ. ಹೊಸದರಲ್ಲಿ −ಪೈ/4ರಿಂದ ಸೊನ್ನೆಯವರೆಗೆ, ಅಂದರೆ ಮತ್ತೆ ಪೈ/4 ಓಡಿದೆ. ಒಟ್ಟು ಪೈ/2. ಆಗ 2ಐ = ಪೈ × ಪೈ/2, ಐ = ಪೈ²/4, ಸುಮಾರು 2.47. ಎರಡು ಗೋಡೆಗಳ ನಡುವೆಯೇ ಇದೆ.

ಪರೀಕ್ಷೆಯಲ್ಲಿ ಮೀಟರಿನ ಕತೆ ಬರೆಯಲಾಗದು. ಅಲ್ಲಿ ಬರೆಯಬೇಕಾದ ಕ್ರಮ ಹೀಗೆ. ಫಲನದಲ್ಲಿ ಎಕ್ಸ್ ಬದಲು ಪೈ − ಎಕ್ಸ್ ಹಾಕಿದರೂ ಅದು ಬದಲಾಗದೆ ಉಳಿಯುವುದರಿಂದ ಸೊನ್ನೆಯಿಂದ ಪೈ ವರೆಗಿನ ಅನುಕಲವು ಸೊನ್ನೆಯಿಂದ ಪೈ/2ರವರೆಗಿನ ಅನುಕಲದ ಎರಡರಷ್ಟು. ಹಾಗಾಗಿ

ಐ = ಪೈ × ∫[0, ಪೈ/2] 1 / (ಕಾಸ್²ಎಕ್ಸ್ + 4 ಸೈನ್²ಎಕ್ಸ್) ಡಿಎಕ್ಸ್

ಇಲ್ಲಿಗೆ ಬಂದ ಮೇಲೆ ಬಹಳ ಮಂದಿ ಟ್ಯಾನ್ ಎಕ್ಸ್ = ಟಿ ಎಂದು ಹಾಕಿ ಮೇಲ್ಮಿತಿಯಲ್ಲಿ ಅನಂತದ ಚಿಹ್ನೆ ಬರೆಯುತ್ತಾರೆ. ಉತ್ತರವೇನೋ ಸರಿಯಾಗಿಯೇ ಬರುತ್ತದೆ, ಆದರೆ ಅನಂತದವರೆಗಿನ ಅನುಕಲ ಎಂದರೇನು ಎಂಬುದನ್ನು ಪಿಯು ಪಠ್ಯದಲ್ಲಿ ಹೇಳಿಕೊಟ್ಟಿಲ್ಲ. ಆದ್ದರಿಂದ ನನಗೆ ಹೆಚ್ಚು ಇಷ್ಟವಾಗುವ ದಾರಿಯೆಂದರೆ ಪೈ/4ರಲ್ಲಿ ಎರಡಾಗಿ ಸೀಳುವುದು. ಮೊದಲ ಭಾಗದಲ್ಲಿ ಕಾಸ್²ಎಕ್ಸ್‌ನಿಂದ ಭಾಗಿಸಿ ಟ್ಯಾನ್ ಎಕ್ಸ್ = ಟಿ ಎನ್ನಿ; ಮಿತಿಗಳು 0 ಮತ್ತು 1. ಎರಡನೆಯ ಭಾಗದಲ್ಲಿ ಸೈನ್²ಎಕ್ಸ್‌ನಿಂದ ಭಾಗಿಸಿ ಕಾಟ್ ಎಕ್ಸ್ = ಯು ಎನ್ನಿ; ಎಕ್ಸ್ ಪೈ/4ರಿಂದ ಪೈ/2ಕ್ಕೆ ಹೋಗುವಾಗ ಯು 1ರಿಂದ 0ಗೆ ಇಳಿಯುತ್ತದೆ, ಅವಕಲನದಲ್ಲಿ ಬರುವ ಋಣ ಚಿಹ್ನೆ ಮಿತಿಗಳನ್ನು ಅದಲುಬದಲು ಮಾಡುತ್ತದೆ.

∫[0, 1] 1/(1 + 4ಟಿ²) ಡಿಟಿ = ½ ಟ್ಯಾನ್⁻¹ 2
∫[0, 1] 1/(ಯು² + 4) ಡಿಯು = ½ ಟ್ಯಾನ್⁻¹ ½

ಎರಡು ಭಾಗಗಳಲ್ಲೂ ಸೊನ್ನೆಯಿಂದ ಭಾಗಿಸುವ ಭಯವಿಲ್ಲ, ಅನಂತದ ಸುಳಿವಿಲ್ಲ. ಟ್ಯಾನ್⁻¹ 2 ಮತ್ತು ಟ್ಯಾನ್⁻¹ ½ ಕೂಡಿದರೆ ಎಷ್ಟು ಎಂದು ಸೂತ್ರ ಹುಡುಕಬೇಕಾಗಿಲ್ಲ. ಲಂಬಕೋನದ ಬಾಹುಗಳು 1 ಮತ್ತು 2 ಇರುವ ತ್ರಿಭುಜವೊಂದನ್ನು ಎಳೆದರೆ ಅದರ ಎರಡು ಲಘುಕೋನಗಳೇ ಇವು, ಮೊತ್ತ ಪೈ/2. ಹಾಗಾಗಿ ಎರಡೂ ಭಾಗ ಸೇರಿ ಪೈ/4, ಅದನ್ನು ಪೈಯಿಂದ ಗುಣಿಸಿದರೆ ಪೈ²/4.

ಇನ್ನೂ ಅನುಮಾನವಿದ್ದರೆ ಸಮಲಂಬಗಳ ರೀತಿಯಲ್ಲಿ ಕೈಯಾರೆ ಕೂಡಿ ನೋಡಬಹುದು. 1/(1 + 3 ಸೈನ್²ಎಕ್ಸ್) ಇದರ ಬೆಲೆ 0 ಡಿಗ್ರಿಯಲ್ಲಿ 1, 30ರಲ್ಲಿ 0.571, 60ರಲ್ಲಿ 0.308, 90ರಲ್ಲಿ 0.25, ಅಲ್ಲಿಂದಾಚೆಗೆ ಇದೇ ಬೆಲೆಗಳು ಹಿಮ್ಮುಖವಾಗಿ ಬರುತ್ತವೆ. ತುದಿಯ ಎರಡು ಬೆಲೆಗಳಲ್ಲಿ ಅರ್ಧರ್ಧ ತೆಗೆದುಕೊಂಡು, ಉಳಿದ ಐದನ್ನು ಪೂರ್ತಿ ಕೂಡಿದರೆ ಸುಮಾರು 3.008. ಇದನ್ನು ಪೈ/6ರಿಂದ ಗುಣಿಸಿ: 1.575. ನಿಜವಾದ ಬೆಲೆ ಪೈ/2, ಅಂದರೆ 1.571. ಏಳೇ ಬಿಂದುಗಳಿಂದ ಇಷ್ಟು ಹತ್ತಿರ ಬಂದದ್ದು ನೋಡಿ ನನಗೂ ಖುಷಿಯಾಯಿತು.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು, ಇಲ್ಲದಿದ್ದರೆ ಈ ಉತ್ತರವನ್ನು ಓದಿದವರು ಇನ್ನೊಂದು ತಪ್ಪು ಕಲಿತಾರು. ಆದೇಶದ ನಂತರ ಎರಡು ಮಿತಿಗಳೂ ಒಂದೇ ಬಂದರೆ ಯಾವಾಗಲೂ ತಪ್ಪು ಎಂದಲ್ಲ. ಸೊನ್ನೆಯಿಂದ ಪೈ ವರೆಗೆ ಸೈನ್ ಎಕ್ಸ್ × ಕಾಸ್ ಎಕ್ಸ್ ಇದರ ಅನುಕಲದಲ್ಲಿ ಸೈನ್ ಎಕ್ಸ್ = ಟಿ ಎಂದರೆ ಮಿತಿಗಳು 0 ಮತ್ತು 0; ಉತ್ತರ ಸೊನ್ನೆಯೇ, ಅದು ಸರಿಯೇ. ಸೈನ್ ಎಕ್ಸ್ ಎಲ್ಲಿಯೂ ಕಡಿಯುವುದಿಲ್ಲ, ಮತ್ತು ಪೈ/2ರ ಆಚೆ ಕಾಸ್ ಋಣವಾಗುವುದರಿಂದ ಮೊದಲರ್ಧದಲ್ಲಿ ಕೂಡಿದ್ದನ್ನೆಲ್ಲ ಎರಡನೆಯ ಅರ್ಧ ಕಳೆದುಹಾಕುತ್ತದೆ. ಟಿ ಏರಿ ಮತ್ತೆ ಇಳಿದರೂ ಪರವಾಗಿಲ್ಲ, ಕಡಿಯಬಾರದು ಅಷ್ಟೆ. "ಆದೇಶಿಸುವ ಫಲನ ಏರುತ್ತಲೇ ಇರಬೇಕು" ಎಂದು ಕೆಲವರು ಹೇಳಿಕೊಡುವುದುಂಟು; ಈ ಬಗೆಯ ಆದೇಶಕ್ಕೆ ಅದು ಬೇಕಿಲ್ಲ.

ಆ ಷರತ್ತು ಬೇಕಾಗುವುದು ಬೇರೆ ಕಡೆ. −1ರಿಂದ 1ರವರೆಗೆ ಎಕ್ಸ್² ಇದರ ಅನುಕಲ 2/3 ಎಂದು ಎಲ್ಲರಿಗೂ ಗೊತ್ತು. ಅಲ್ಲಿ ಎಕ್ಸ್² = ಟಿ ಎಂದು ಹಾಕಿ ನೋಡಿ: ಮಿತಿಗಳು 1 ಮತ್ತು 1, ಉತ್ತರ ಸೊನ್ನೆ! ಎಕ್ಸ್² ಎಲ್ಲಿಯೂ ಕಡಿಯುವುದಿಲ್ಲವಲ್ಲ, ಮತ್ತೇಕೆ ಹೀಗಾಯಿತು? ಡಿಎಕ್ಸ್ ಅನ್ನು ಟಿಗೆ ಬದಲಾಯಿಸುವಾಗ ಎಕ್ಸ್ = √ಟಿ ಎಂದು ಸದ್ದಿಲ್ಲದೆ ಬರೆದಿರುತ್ತೇವೆ; ಎಡ ಅರ್ಧದಲ್ಲಿ ಅದು −√ಟಿ ಆಗಬೇಕಿತ್ತು. ರೋಗಲಕ್ಷಣ ಒಂದೇ, ರೋಗ ಬೇರೆ.

ನಿಮ್ಮಣ್ಣನನ್ನು ಈ ವಿಷಯಕ್ಕೆ ಛೇಡಿಸಬೇಡಿ. ಪಾಠ ಹೇಳಲು ತೊಡಗಿದ ಮೊದಲ ವರ್ಷಗಳಲ್ಲಿ ನಾನೇ ಒಮ್ಮೆ ಕರಿಹಲಗೆಯ ಮೇಲೆ 1/(5 + 4 ಕಾಸ್ ಎಕ್ಸ್) ಇದನ್ನು ಸೊನ್ನೆಯಿಂದ 2ಪೈ ವರೆಗೆ ಅನುಕಲಿಸಲು ಹೊರಟು, ಟ್ಯಾನ್(ಎಕ್ಸ್/2) = ಟಿ ಎಂದು ಹಾಕಿ, ಠೀವಿಯಿಂದ ಸೊನ್ನೆ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೆ. ಕೊನೆಯ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತು, "ಸರ್, ಛೇದ ಒಂದರಿಂದ ಒಂಬತ್ತರ ಒಳಗೇ ಇರುತ್ತಲ್ಲ, ಸೊನ್ನೆ ಹೆಂಗ್ ಬಂತು?" ಎಂದ. ಗಂಟೆ ಹೊಡೆಯಲು ಇನ್ನೂ ಹತ್ತು ನಿಮಿಷವಿತ್ತು. ಟ್ಯಾನ್(ಎಕ್ಸ್/2) ಎಕ್ಸ್ = ಪೈ ಆದಾಗ, ಅಂದರೆ ಸರಿಯಾಗಿ ನಟ್ಟನಡುವೆ, ಕಡಿದುಹೋಗುತ್ತದೆ. ಸರಿಯುತ್ತರ 2ಪೈ/3. ಅದನ್ನು ನಾನು ಹೇಳಿದ್ದು ಮರುದಿನ.

ಪ್ರಶ್ನೆ 2

ನನ್ನ ಮಗ −1ರಿಂದ 1ರವರೆಗೆ 1/ಎಕ್ಸ್² ಇದನ್ನು ಅನುಕಲಿಸಿ −2 ಎಂದು ಉತ್ತರ ತಂದಿದ್ದಾನೆ. ವರ್ಗದ ವಿಲೋಮ ಯಾವಾಗಲೂ ಧನ, ಉತ್ತರ ಋಣ ಹೇಗಾದೀತು ಎಂದು ನಾನು ಕೇಳಿದೆ. ಅವನಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ. ಸರಿಯಾದ ಉತ್ತರ ಯಾವುದು?
— ಬ್ಯಾಂಕ್ ಉದ್ಯೋಗಿ, ಧಾರವಾಡ

ಉತ್ತರ

ನಿಮ್ಮ ಆಕ್ಷೇಪ ಪೂರ್ತಿ ಸರಿ. ಇದೂ ಮೇಲಿನ ಪ್ರಶ್ನೆಯ ಜಾತಿಯದೇ ಎಂದು ಮೇಲ್ನೋಟಕ್ಕೆ ಅನಿಸುತ್ತದೆ, ಆದರೆ ಅಲ್ಲ. ಶಿವಮೊಗ್ಗದ ವಿದ್ಯಾರ್ಥಿನಿಯ ಲೆಕ್ಕದಲ್ಲಿ ಫಲನ ಗಟ್ಟಿಮುಟ್ಟಾಗಿತ್ತು, ಅಳೆಯಲು ಹಿಡಿದ ಕೋಲು ನಡುವೆ ಮುರಿದಿತ್ತು. ಕೋಲು ಬದಲಾಯಿಸಿದ ಕೂಡಲೇ ಉತ್ತರ ಸಿಕ್ಕಿತು. ಇಲ್ಲಿ ಎಕ್ಸ್ = 0 ಆದಾಗ ಫಲನವೇ ಮಿತಿಮೀರಿ ಬೆಳೆಯುತ್ತದೆ. ಬಲ ಅರ್ಧವನ್ನು ಮಾತ್ರ ತೆಗೆದುಕೊಂಡು, ಸೊನ್ನೆಯ ಬದಲು ಅದರ ಹತ್ತಿರದ ಸಣ್ಣ ಸಂಖ್ಯೆಯಿಂದ ಆರಂಭಿಸಿ ನೋಡಿ. 0.1ರಿಂದ 1ರವರೆಗಿನ ವಿಸ್ತೀರ್ಣ 9, 0.01ರಿಂದ ಹೊರಟರೆ 99, 0.001ರಿಂದ ಹೊರಟರೆ 999. ಹತ್ತಿರ ಹೋದಷ್ಟೂ ಇದು ಉಬ್ಬುತ್ತಲೇ ಹೋಗುತ್ತದೆ, ಎಲ್ಲಿಯೂ ನೆಲೆ ನಿಲ್ಲುವುದಿಲ್ಲ. ಆದ್ದರಿಂದ ಸರಿಯಾದ ಉತ್ತರ −2 ಅಲ್ಲ, 2 ಕೂಡ ಅಲ್ಲ. ಈ ಅನುಕಲಕ್ಕೆ ಬೆಲೆಯೇ ಇಲ್ಲ.

ಫಲನ ಅನಂತಕ್ಕೆ ಏರಿದರೆ ಸಾಕು, ಬೆಲೆ ಇರುವುದಿಲ್ಲ ಎಂದು ಮಾತ್ರ ತಿಳಿಯಬೇಡಿ. 1/√ಎಕ್ಸ್ ಕೂಡ ಸೊನ್ನೆಯ ಬಳಿ ಅನಂತಕ್ಕೆ ಏರುತ್ತದೆ, ಆದರೆ ಅದೇ ರೀತಿ 0.01ರಿಂದ ಹೊರಟರೆ 1.8, 0.0001ರಿಂದ ಹೊರಟರೆ 1.98 ಬರುತ್ತದೆ, ಅದು 2ರಲ್ಲಿ ನೆಲೆ ನಿಲ್ಲುತ್ತದೆ. ಇವುಗಳ ವಿವರ ಪದವಿ ತರಗತಿಯ ವಿಷಯ, ಮಗನಿಗೆ ಈಗಲೇ ಬೇಕಿಲ್ಲ.

ಪ್ರಶ್ನೆ 3

∫[0, ಪೈ/4] ಲಾಗ್(1 + ಟ್ಯಾನ್ ಎಕ್ಸ್) ಡಿಎಕ್ಸ್ ಎಂಬ ಲೆಕ್ಕವನ್ನು ನಮ್ಮ ಉಪನ್ಯಾಸಕರು ಎಕ್ಸ್ ಬದಲು ಪೈ/4 − ಎಕ್ಸ್ ಹಾಕಿ ನಾಲ್ಕು ಸಾಲಿನಲ್ಲಿ ಮುಗಿಸಿದರು. ಅರ್ಥವಾಯಿತು, ಆದರೆ ನಾನೊಬ್ಬನೇ ಕುಳಿತಿದ್ದರೆ ಇದು ಹೊಳೆಯುತ್ತಿರಲಿಲ್ಲ. ಇಂಥವು ಹೊಳೆಯುವುದಾದರೂ ಹೇಗೆ?
— ದ್ವಿತೀಯ ಪಿಯುಸಿ ವಿದ್ಯಾರ್ಥಿ, ಬೆಂಗಳೂರು

ಉತ್ತರ

ಲೆಕ್ಕದ ಪುಸ್ತಕಗಳು ಹೇಳದ ಸಂಗತಿಯನ್ನು ಕೇಳಿದ್ದೀರಿ. 1ರಿಂದ 100ರವರೆಗಿನ ಸಂಖ್ಯೆಗಳನ್ನು ಕೂಡುವಾಗ ಮೊದಲನೆಯದನ್ನೂ ಕೊನೆಯದನ್ನೂ ಜೋಡಿ ಮಾಡುತ್ತೇವೆ: 1 ಮತ್ತು 100, 2 ಮತ್ತು 99, ಪ್ರತಿ ಜೋಡಿಯೂ 101. ಒಂದೊಂದು ಸಂಖ್ಯೆಯೂ ಬೇರೆ ಬೇರೆ, ಜೋಡಿಯ ಮೊತ್ತ ಮಾತ್ರ ಒಂದೇ. ಪೈ/4 − ಎಕ್ಸ್ ಹಾಕುವುದೆಂದರೆ ಇದೇ ಕೆಲಸ: ಎಡತುದಿಯಿಂದ ಎಷ್ಟು ದೂರದಲ್ಲಿದ್ದೇವೋ ಬಲತುದಿಯಿಂದ ಅಷ್ಟೇ ದೂರದ ಬಿಂದುವಿನೊಂದಿಗೆ ಜೋಡಿ ಕಟ್ಟುವುದು. ಮೊದಲ ಪ್ರಶ್ನೆಯಲ್ಲಿ ಎಕ್ಸ್ ಮತ್ತು ಪೈ − ಎಕ್ಸ್ ಜೋಡಿಯಾಗಿ ಪೈ ಬಂದದ್ದೂ ಹೀಗೆಯೇ.

ಹಾಗಾಗಿ, ಅನುಕಲಿಸಲು ಯಾವ ಸೂತ್ರವೂ ಒಗ್ಗದ ಫಲನ ಎದುರಾದಾಗ, ಅದರಲ್ಲೂ ಮಿತಿಗಳು ಪೈ/4, ಪೈ/2, ಪೈ ಎಂಬಂಥ 'ಚೊಕ್ಕ' ಕೋನಗಳಾಗಿದ್ದಾಗ, ಎರಡು ತುದಿಗಳ ಬೆಲೆಯನ್ನು ಕೂಡಿ ನೋಡಿ, ಆಮೇಲೆ ಒಳಗಿನ ಒಂದು ಜೋಡಿಯ ಬೆಲೆಯನ್ನು ಕೂಡಿ ನೋಡಿ. ನಿಮ್ಮ ಲೆಕ್ಕದಲ್ಲಿ 0 ಡಿಗ್ರಿಯಲ್ಲಿ ಲಾಗ್ 1 = 0, 45 ಡಿಗ್ರಿಯಲ್ಲಿ ಲಾಗ್ 2 = 0.693, ಮೊತ್ತ 0.693. ಒಳಗಿನ ಜೋಡಿ 15 ಮತ್ತು 30: ಲಾಗ್ 1.268 ಸುಮಾರು 0.237, ಲಾಗ್ 1.577 ಸುಮಾರು 0.456, ಮೊತ್ತ ಮತ್ತೆ 0.693! ಎರಡು ಸಲ ಒಂದೇ ಅಂಕಿ ಬಂದ ಮೇಲೆ ಸಾಧಿಸಲು ಕೂರುವುದು ಸುಲಭ. ಟ್ಯಾನ್(ಪೈ/4 − ಎಕ್ಸ್) = (1 − ಟ್ಯಾನ್ ಎಕ್ಸ್)/(1 + ಟ್ಯಾನ್ ಎಕ್ಸ್); ಇದಕ್ಕೆ 1 ಕೂಡಿದರೆ 2/(1 + ಟ್ಯಾನ್ ಎಕ್ಸ್); ಅದರ ಲಾಗ್ ತೆಗೆದರೆ ಲಾಗ್ 2 − ಲಾಗ್(1 + ಟ್ಯಾನ್ ಎಕ್ಸ್). ಜೋಡಿಯ ಮೊತ್ತ ಎಲ್ಲೆಲ್ಲೂ ಲಾಗ್ 2.

ಈ ಲೆಕ್ಕವನ್ನು ಕಡಿಮೆ ಎಣಿಸಬೇಡಿ. ಟ್ಯಾನ್ ಎಕ್ಸ್ ಅನ್ನು ಹೊಸ ಚರಾಕ್ಷರವಾಗಿ ತೆಗೆದುಕೊಂಡರೆ ಇದು ಸೊನ್ನೆಯಿಂದ 1ರವರೆಗೆ ಲಾಗ್(1 + ಟಿ)/(1 + ಟಿ²) ಇದರ ಅನುಕಲವಾಗುತ್ತದೆ. ಅಮೆರಿಕದಲ್ಲಿ ಪದವಿ ವಿದ್ಯಾರ್ಥಿಗಳಿಗಾಗಿ ನಡೆಯುವ, ಬಹಳ ಕಠಿಣವೆಂದು ಹೆಸರಾದ ಪುಟ್ನಮ್ ಗಣಿತ ಸ್ಪರ್ಧೆಯಲ್ಲಿ 2005ರಲ್ಲಿ ಕೇಳಿದ್ದು ಇದನ್ನೇ. ಈ ವೇಷದಲ್ಲಿ ನೋಡಿದಾಗ ಜೋಡಿ ಕಾಣಿಸುವುದೇ ಇಲ್ಲ; ಟಿ = ಟ್ಯಾನ್ ಎಕ್ಸ್ ಎಂದು ತಿರುಗಿಸಿಕೊಂಡಾಗ ಮಾತ್ರ ಕಾಣಿಸುತ್ತದೆ. ಇಲ್ಲಿ ಟ್ಯಾನ್ ಆದೇಶಕ್ಕೆ ಅಡ್ಡಿಯಿಲ್ಲ, ಏಕೆಂದರೆ ಪೈ/4ರವರೆಗೆ ಅದು ಎಲ್ಲಿಯೂ ಕಡಿಯುವುದಿಲ್ಲ.

ಜೋಡಿ ಎಲ್ಲ ಕಡೆ ಕೂಡಿಬರುವುದಿಲ್ಲ ಎಂಬುದೂ ಗೊತ್ತಿರಲಿ. ಇದೇ ಮಿತಿಗಳ ನಡುವೆ ಎಕ್ಸ್ × ಟ್ಯಾನ್ ಎಕ್ಸ್ ತೆಗೆದುಕೊಂಡು ತುದಿಗಳ ಮೊತ್ತ ನೋಡಿದರೆ 0.785, 15 ಮತ್ತು 30ರ ಜೋಡಿಯ ಮೊತ್ತ ಸುಮಾರು 0.372. ಇಲ್ಲಿ ಈ ದಾರಿ ಹಿಡಿಯುವುದು ವ್ಯರ್ಥ. ಒಂದೇ ನಿಮಿಷದಲ್ಲಿ ಇದು ತಿಳಿದುಬಿಟ್ಟರೆ ಪರೀಕ್ಷೆಯಲ್ಲಿ ಕಾಲು ಗಂಟೆ ಉಳಿಯುತ್ತದೆ.

ಸೊನ್ನೆಯಿಂದ ಎ ವರೆಗಿನ ಅನುಕಲದಲ್ಲಿ ಎಕ್ಸ್ ಬದಲು ಎ − ಎಕ್ಸ್ ಹಾಕಿದರೂ ಬೆಲೆ ಬದಲಾಗುವುದಿಲ್ಲ; ನಮ್ಮ ರಾಜ್ಯದ ದ್ವಿತೀಯ ಪಿಯು ಪ್ರಶ್ನೆಪತ್ರಿಕೆಯಲ್ಲಿ ಈ ಗುಣಧರ್ಮವನ್ನು ಮೊದಲು ಸಾಧಿಸಿ, ಅದನ್ನು ಬಳಸಿ ಲೆಕ್ಕ ಬಿಡಿಸಲು ಆರು ಅಂಕಗಳಿಗೆ ಕೇಳುವುದು ರೂಢಿ. ಸಾಧನೆ ಚಿಕ್ಕದು: ಎ − ಎಕ್ಸ್ = ಟಿ ಎಂದು ಹಾಕಿ, ಡಿಎಕ್ಸ್ = −ಡಿಟಿ ಎಂದು ಬರೆದು, ಆ ಋಣ ಚಿಹ್ನೆಯಿಂದ ಮಿತಿಗಳನ್ನು ತಿರುಗಿಸಿ, ಕೊನೆಗೆ ಟಿ ಬದಲು ಎಕ್ಸ್ ಎಂದು ಬರೆದರಾಯಿತು. ಋಣ ಚಿಹ್ನೆ ಎಲ್ಲಿ ಹೋಯಿತೆಂದು ಹೇಳುವ ಆ ಒಂದು ಸಾಲನ್ನು ಬಿಡಬೇಡಿ. ಎರಡನೆಯ ಭಾಗದಲ್ಲಿ 2ಐ = (ಪೈ/4) × ಲಾಗ್ 2 ಎಂದು ಬಂದ ಕೂಡಲೇ ಅದನ್ನೇ ಉತ್ತರವೆಂದು ಚೌಕ ಹಾಕಿ ಮುಂದಿನ ಪ್ರಶ್ನೆಗೆ ಹೋಗುವವರು ಪ್ರತಿ ವರ್ಷವೂ ಇರುತ್ತಾರೆ; ಎರಡರಿಂದ ಭಾಗಿಸಿ ಐ = (ಪೈ/8) × ಲಾಗ್ 2, ಸುಮಾರು 0.272, ಎಂದು ಮುಗಿಸಿ.